ಮಳೆ ಶುರುವಾದಾಗಿನಿಂದ ಫೈಬರ್ ಲೇಸರ್ ಗ್ಲಾಸ್ ಎರಡು ದಿನವೂ ಬಾಳುತ್ತಿಲ್ಲ, ಜೊತೆಗೆ ಒಂದೇ ಕಡೆ ಬರ್

ಪತ್ರಾ_ಕಟ್ಟರ್ (ಉದ್ಯಮಬಾಗ್, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಜಾಬ್ ವರ್ಕ್ ಶೆಡ್ ಇದೆ. ಮಷೀನ್ ಲೋಹದ ಪತ್ರಾ ಕತ್ತರಿಸುವ 3 ಕಿಲೋವ್ಯಾಟ್ ಫೈಬರ್ ಲೇಸರ್, ಎರಡೂವರೆ ವರ್ಷ ಆಯಿತು. ಕೆಲಸ ಹೆಚ್ಚಾಗಿ ಎಂಎಸ್, ಅಂದರೆ ಸಾದಾ ಉಕ್ಕು. ಹೈಡ್ರಾಲಿಕ್‌ನವರಿಗೆ 10 ಎಂಎಂ ಬ್ರಾಕೆಟ್, ಕಬ್ಬಿನ ಟ್ರಾಲಿ ಮಾಡುವವರಿಗೆ ಗಸೆಟ್, ಆಮೇಲೆ ಪ್ಯಾನೆಲ್ ಬೋರ್ಡ್‌ನವರ 2 ಎಂಎಂ ಪತ್ರಾ. ತೆಳು ಪತ್ರಾ ಕಂಪ್ರೆಸರ್ ಏರ್‌ನಲ್ಲಿ ಕಟ್ ಮಾಡುತ್ತೇವೆ, 6 ಎಂಎಂ ಮೇಲಿನದು ಆಕ್ಸಿಜನ್‌ನಲ್ಲಿ.

ತೊಂದರೆ ಏನೆಂದರೆ, ಬೇಸಿಗೆಯಲ್ಲಿ ಕಟಿಂಗ್ ಹೆಡ್‌ನ ಲೆನ್ಸ್ ಕಾಯುವ ಕೆಳಗಿನ ಪ್ರೊಟೆಕ್ಷನ್ ಗ್ಲಾಸ್ ಆರಾಮಾಗಿ ಎಂಟು ಹತ್ತು ದಿನ ಬರುತ್ತಿತ್ತು. ಜೂನ್ ಕೊನೆಯಿಂದ ಎರಡು ದಿನಕ್ಕೊಂದು ಹೋಗುತ್ತಿದೆ. ಹೋದ ವಾರ ಒಂದೇ ದಿನ ಎರಡು ಸುಟ್ಟವು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಹತ್ತರವರೆಗೆ ಕಟಿಂಗ್ ಕನ್ನಡಿ ಹಾಗೆ ಬರುತ್ತೆ, ಆಮೇಲೆ ನಿಧಾನಕ್ಕೆ ಕೆಳಗೆ ಬರ್ (ಅಂಚಿಗೆ ಅಂಟುವ ಕರಗಿದ ಲೋಹ) ಹಿಡಿಯೋಕೆ ಶುರು, ಹನ್ನೊಂದಕ್ಕೆ ಪೀಸ್ ಬೀಳೋದೇ ಇಲ್ಲ, ಸುತ್ತಿಗೆ ತಗೊಂಡು ಹೊಡೆದು ಬಿಡಿಸಬೇಕು. ಊಟಕ್ಕೆ ಬಿಟ್ಟು ಬಂದರೆ ಮತ್ತೆ ಸ್ವಲ್ಪ ಹೊತ್ತು ಸರಿ.

ಇನ್ನೊಂದು. 10 ಎಂಎಂನಲ್ಲಿ ಬರ್ ನಾಲ್ಕೂ ಕಡೆ ಬರೋದಿಲ್ಲ. ಬಲಗಡೆ ಅಂಚಿಗೆ ಮಾತ್ರ. ಎಡಗಡೆ ಕೈಯಾಡಿಸಿದರೆ ನುಣ್ಣಗಿದೆ.

ಸರ್ವಿಸ್‌ನವರಿಗೆ ಫೋನ್ ಮಾಡಿದರೆ "ಗ್ಲಾಸ್ ಡುಪ್ಲಿಕೇಟ್ ಇರಬೇಕು, ನಮ್ಮದೇ ತಗೊಳ್ಳಿ" ಅಂದರು. ತಗೊಂಡೆ. ಮೂರು ಪಟ್ಟು ರೇಟು, ಅದೂ ಎರಡೇ ದಿನ. ಪವರ್ ಕಡಿಮೆ ಆಗಿದೆಯಾ, ಲೇಸರ್ ಹುಟ್ಟಿಸುವ ಸೋರ್ಸ್ ಹೋಗುತ್ತಿದೆಯಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

—

ಗ್ರೈಂಡರ್_ಗಿರಾಕಿ

ಇದು ಕೂಲಿಂಗ್ ತೊಂದರೆ ಅಣ್ಣಾ. ಬಿಸಿಯಾದ ಮೇಲೆ ಕೆಡುತ್ತೆ ಅಂತ ನೀವೇ ಬರೆದಿದ್ದೀರಲ್ಲ. ಮಷೀನ್‌ಗೆ ತಣ್ಣೀರು ಕೊಡುವ ಚಿಲ್ಲರ್ 20 ಡಿಗ್ರಿಗೆ ಇಳಿಸಿ, ಸರಿ ಹೋಗುತ್ತೆ. ಗ್ಲಾಸ್ ಬಿಸಾಡಬೇಡಿ, ಥಿನ್ನರ್ ಹಾಕಿ ಬನಿಯನ್ ಬಟ್ಟೆಯಲ್ಲಿ ಒರೆಸಿದರೆ ಮತ್ತೆರಡು ದಿನ ಓಡುತ್ತೆ. ನಾವು ಹಾಗೇ ಮಾಡೋದು.

—

ಮಚ್ಛೆ_ಮೆಂಟೆನನ್ಸ್

ಮೇಲಿನ ಸಲಹೆ ಎರಡನ್ನೂ ದಯವಿಟ್ಟು ಮಾಡಬೇಡಿ. ಈ ಮಳೆಯಲ್ಲಿ ಚಿಲ್ಲರ್ 20ಕ್ಕೆ ಇಳಿಸಿದರೆ ಇವತ್ತು ಗ್ಲಾಸ್ ಹೋಗುತ್ತಿದೆ, ನಾಳೆ ಫೋಕಸ್ ಲೆನ್ಸ್ ಹೋಗುತ್ತೆ, ಆಮೇಲೆ ಸೋರ್ಸ್. ಯಾಕೆ ಅಂತ ಕೆಳಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಪತ್ರಾ_ಕಟ್ಟರ್ ಅವರೇ, ಮೊದಲು ಒಂದು ಕೆಲಸ ಮಾಡಿ. ಸುಟ್ಟ ಗ್ಲಾಸ್ ಬಿಸಾಡಿಲ್ಲ ತಾನೇ? ಮುಂದಿನ ಗ್ಲಾಸ್ ತೆಗೆಯುವಾಗ ಯಾವ ಮುಖ ಮೇಲಿತ್ತು, ಯಾವುದು ಕೆಳಗಿತ್ತು ಅಂತ ಅಂಚಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಆಮೇಲೆ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಕೊಳೆ ಯಾವ ಮುಖದ ಮೇಲಿದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ.

ಕೆಳಗಿನ ಮುಖದಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ, ಕಿಡಿ ಅಂಟಿಕೊಂಡ ಹಾಗೆ ಇದ್ದರೆ ಪಿಯರ್ಸಿಂಗ್‌ನಲ್ಲಿ, ಅಂದರೆ ಕಟ್ ಶುರುವಿಗೆ ಮೊದಲ ತೂತು ಹೊಡೆಯುವಾಗ, ಹಾರಿದ ಲೋಹ ಅದು. ಪಿಯರ್ಸ್ ಎತ್ತರ ಕಡಿಮೆ ಇರಬಹುದು, ಗ್ಯಾಸ್ ಪ್ರೆಷರ್ ಬೀಳುತ್ತಿರಬಹುದು, ಬೀಮ್ ಮತ್ತು ಗ್ಯಾಸ್ ಹೊರಬರುವ ನಾಝಲ್ ಕೆಟ್ಟಿರಬಹುದು. ಅದೇ ಕೆಳಮುಖದಲ್ಲಿ ಹಳದಿ ಪೊರೆ ಅಥವಾ ಎಣ್ಣೆ ಬಣ್ಣದ ಕಾಮನಬಿಲ್ಲು ಕಂಡರೆ ಕಂಪ್ರೆಸರ್ ಕಡೆ ಹೋಗಿ, ಎಣ್ಣೆ ನೀರು ಬರುತ್ತಿದೆ. ಕೊಳೆ ಮೇಲ್ಮುಖದಲ್ಲಿ ಇದ್ದರೆ ಕಥೆ ಬೇರೆ. ಕೆಳಗಿನ ಕಿಡಿ ಅಲ್ಲಿಗೆ ತಲುಪೋಕೆ ದಾರಿಯೇ ಇಲ್ಲ. ಒಂದೋ ಗ್ಲಾಸ್ ಬದಲಿಸುವಾಗ ಧೂಳು ಒಳಗೆ ಹೋಗಿದೆ, ಇಲ್ಲಾ ಸೀಲ್ ರಿಂಗ್ ಸೋರುತ್ತಿದೆ, ಇಲ್ಲಾ ಹೆಡ್ ಒಳಗೆ ಇಬ್ಬನಿ ಕೂರುತ್ತಿದೆ.

ಬೆಳಿಗ್ಗೆ ಚೆನ್ನಾಗಿ, ಒಂದು ತಾಸಿಗೆ ಕೆಡೋದು, ಊಟ ಆದಮೇಲೆ ಮತ್ತೆ ಸರಿ. ಇದು ಸೋರ್ಸ್ ಸಾಯುವ ಲಕ್ಷಣ ಅಲ್ಲ, ನಿದ್ದೆ ಮಾಡಿ. ಕೊಳಕು ಗ್ಲಾಸ್ ಬೆಳಕನ್ನು ಪೂರ್ತಿ ಬಿಡದೆ ಒಂದಿಷ್ಟನ್ನು ತಾನೇ ನುಂಗಿ ಬಿಸಿಯಾಗುತ್ತೆ. ಬಿಸಿಯಾದ ಗ್ಲಾಸ್ ತಾನೇ ಒಂದು ಸಣ್ಣ ಲೆನ್ಸ್ ಆಗಿಬಿಡುತ್ತೆ, ಫೋಕಸ್ ಜಾರುತ್ತೆ. ಸ್ಕ್ರೀನ್ ಮೇಲೆ ಫೋಕಸ್ ನಂಬರ್ ಅದೇ ಇರುತ್ತೆ, ನಿಜವಾದ ಫೋಕಸ್ ಮೇಲೆ ಸರಿದಿರುತ್ತೆ. ತಣ್ಣಗಾದರೆ ವಾಪಸ್ ಬರುತ್ತೆ. ಇದು ಗೊತ್ತಿಲ್ಲದೆ ಹನ್ನೊಂದು ಗಂಟೆಗೆ ಫೋಕಸ್ ತಿರುಗಿಸಿ, ಮಧ್ಯಾಹ್ನ ಮತ್ತೆ ತಿರುಗಿಸಿ, ಸಂಜೆಗೆ ಯಾವ ಪ್ಯಾರಾಮೀಟರ್ ಸರಿ ಅಂತ ಯಾರಿಗೂ ಗೊತ್ತಿಲ್ಲದ ಹಾಗೆ ಆಗೋದನ್ನು ಬೇಕಾದಷ್ಟು ಶೆಡ್‌ಗಳಲ್ಲಿ ನೋಡಿದ್ದೇನೆ.

ಈಗ ಚಿಲ್ಲರ್ ವಿಷಯ. ಬೇಸಿಗೆಯಲ್ಲಿ ತಂಬಿಗೆಗೆ ತಣ್ಣೀರು ಹಾಕಿಟ್ಟರೆ ಹೊರಗೆ ಬೆವರುತ್ತೆ ಅಲ್ವಾ, ಅದೇ ಕೆಲಸ ಹೆಡ್ ಒಳಗೂ ಸೋರ್ಸ್ ಒಳಗೂ ನಡೆಯುತ್ತೆ. ಲೆಕ್ಕ ಸುಲಭ. ಗೋಡೆಗೆ ಹಾಕುವ ಒಂದು ಉಷ್ಣ-ತೇವದ ಮೀಟರ್ ತಗೊಳ್ಳಿ. ಅದು ತೋರಿಸಿದ ತೇವ 100ಕ್ಕೆ ಎಷ್ಟು ಕಡಿಮೆ ಇದೆಯೋ ಅದನ್ನು 5ರಿಂದ ಭಾಗಿಸಿ, ಬಂದದ್ದನ್ನು ಶೆಡ್ ಉಷ್ಣದಿಂದ ಕಳೆಯಿರಿ. ಉದಾಹರಣೆಗೆ ಶೆಡ್‌ನಲ್ಲಿ 27 ಡಿಗ್ರಿ, ತೇವ 85. ನೂರಕ್ಕೆ 15 ಕಡಿಮೆ, ಐದರಿಂದ ಭಾಗಿಸಿದರೆ 3. ಅಂದರೆ 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತೆ. ಅಂದಾಜಿನ ಲೆಕ್ಕ ಇದು, ಆದರೆ ತೇವ 50ಕ್ಕಿಂತ ಜಾಸ್ತಿ ಇದ್ದಾಗ ಹತ್ತಿರವೇ ಬರುತ್ತೆ. ನಮ್ಮ ಬೆಳಗಾವಿ ಜುಲೈನಲ್ಲಿ ಅದು 50ಕ್ಕಿಂತ ಕೆಳಗೆ ಇಳಿದರೆ ಹೇಳಿ, ಪೇಡೆ ಹಂಚುತ್ತೇನೆ.

ನಿಮ್ಮ ಚಿಲ್ಲರ್‌ನಲ್ಲಿ ಎರಡು ನೀರಿನ ಲೈನ್ ಇರುತ್ತೆ. ಒಂದು ಸೋರ್ಸ್‌ಗೆ, ಇನ್ನೊಂದು ಕಟಿಂಗ್ ಹೆಡ್‌ಗೆ. ಎರಡರಲ್ಲೂ ಈಗ ಎಷ್ಟಿದೆ ಅಂತ ಬರೆಯಿರಿ.

—

ಆಪರೇಟರ್_ಹುಡುಗ

ಒಂದೇ ಕಡೆ ಬರ್ ಅಂದರೆ ನಾಝಲ್ ಸೆಂಟರ್ ತಪ್ಪಿದೆ ಸರ್, ಅದು ಗ್ಲಾಸ್ ತೊಂದರೆ ಅಲ್ಲ. ಬೀಮ್ ನಾಝಲ್ ನಟ್ಟನಡುವೆ ಬರದಿದ್ದರೆ ಗ್ಯಾಸ್ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಹೋಗುತ್ತೆ. ಹೆಡ್ ಏನಾದರೂ ಎದ್ದ ಪೀಸ್‌ಗೆ ಗುದ್ದಿತ್ತಾ?

ಟೇಪ್ ಟೆಸ್ಟ್ ಮಾಡಿ. ಫೋಕಸ್ ಸೊನ್ನೆಗೆ ತನ್ನಿ, ನಾಝಲ್ ಬಾಯಿಗೆ ಪಾರದರ್ಶಕ ಟೇಪ್ ಬಿಗಿಯಾಗಿ ಅಂಟಿಸಿ, ಕೈ ತೆಗೆದು ಬಾಗಿಲು ಹಾಕಿ, ಕಡಿಮೆ ಪವರ್‌ನಲ್ಲಿ ಒಂದೇ ಒಂದು ಶಾಟ್ ಕೊಡಿ. ಟೇಪ್ ಬಿಡಿಸಿ ನೋಡಿದರೆ ನಾಝಲ್ ಅಚ್ಚು ದುಂಡಗೆ ಕಾಣುತ್ತೆ, ಅದರ ಮಧ್ಯೆ ಸುಟ್ಟ ತೂತು ಇರಬೇಕು. ಒಂದು ಕಡೆಗೆ ಇದ್ದರೆ ಹೆಡ್ ಮೇಲಿನ ಎರಡು ಅಲೆನ್ ಸ್ಕ್ರೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ನಡುವಿಗೆ ತನ್ನಿ. ನಾನು ದಿನಾ ಬೆಳಿಗ್ಗೆ ಚಹಾಕ್ಕಿಂತ ಮುಂಚೆ ಮಾಡುತ್ತೇನೆ, ಎರಡು ನಿಮಿಷದ ಕೆಲಸ.

ಆದರೆ ಅದಕ್ಕೂ ಮುಂಚೆ ನಾಝಲ್ ಬಿಚ್ಚಿ ತೂತು ನೋಡಿ, ಮೊಟ್ಟೆ ಆಕಾರ ಆಗಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ, ಹೊಸದು ಹಾಕಿ. ಸೆರಾಮಿಕ್ ರಿಂಗ್‌ನಲ್ಲಿ ಬಿರುಕು ಇದೆಯಾ ಅಂತಲೂ ನೋಡಿ. ಆಮೇಲೆ ಆಕ್ಸಿಜನ್‌ಗೆ ಡಬಲ್ ನಾಝಲ್, ಏರ್‌ಗೆ ಸಿಂಗಲ್ ನಾಝಲ್ ಹಾಕುತ್ತೀರಿ ತಾನೇ? ನಮ್ಮಲ್ಲಿ ಅವಸರದಲ್ಲಿ ಅದಲು ಬದಲು ಆಗಿ ಒಂದು ಇಡೀ ಪ್ಲೇಟ್ ಗುಜರಿಗೆ ಹೋಯಿತು.

—

ವಿಜಾಪುರ_ಬಿಸಿಲು

ನಮ್ಮ ಕಡೆ ಇದೇ ಚಿಲ್ಲರ್ ತೊಂದರೆ ತಲೆಕೆಳಗು. ವಿಜಯಪುರದಲ್ಲಿ ಇಬ್ಬನಿಯ ಚಿಂತೆ ವರ್ಷಕ್ಕೆ ಕೆಲವೇ ವಾರ, ಆದರೆ ಏಪ್ರಿಲ್ ಬಂತೆಂದರೆ ಹೊರಗೆ 40 ದಾಟುತ್ತೆ, ಚಿಲ್ಲರ್ ಹೈ ಟೆಂಪರೇಚರ್ ಅಂತ ಕೂಗುತ್ತೆ. ನಾನು ಗ್ಯಾಸ್ ಖಾಲಿಯಾಗಿದೆ ಅಂತ ಎರಡು ಸಲ ಗ್ಯಾಸ್ ತುಂಬಿಸಿದೆ. ನೋಡಿದರೆ ಹಿಂದಿನ ಕಂಡೆನ್ಸರ್ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಧೂಳು. ಏರ್ ಗನ್‌ನಿಂದ ಒಳಗಿನಿಂದ ಹೊರಗೆ ಹೊಡೆದೆ, ಅಷ್ಟೇ. ಈಗ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹೊಡೆಯುತ್ತೇವೆ.

ನೀರಿನ ಬಗ್ಗೆ ಒಂದು ಮಾತು. ಬೋರ್ ನೀರು ಹಾಕಲೇಬೇಡಿ, ನಮ್ಮ ಕಡೆ ಬೋರ್ ನೀರಿನಲ್ಲಿ ಚಹಾ ಪಾತ್ರೆಗೇ ಬಿಳಿ ಪದರ ಕಟ್ಟುತ್ತೆ, ಇನ್ನು ಲೇಸರ್ ಪೈಪ್ ಕಥೆ ಕೇಳಬೇಕಾ. ಆರ್‌ಓ ನೀರು ನಡೆಯುತ್ತೆ ಅನ್ನುವವರೂ ಇದ್ದಾರೆ. ಅದರಲ್ಲೂ ಲವಣ ಉಳಿದಿರುತ್ತೆ. ಡಿಸ್ಟಿಲ್ಡ್ ಅಥವಾ ಡಿಅಯನೈಸ್ಡ್ ನೀರೇ ಹಾಕಿ. ಮ್ಯಾನುಯಲ್‌ನಲ್ಲಿ ಆ್ಯಂಟಿಫ್ರೀಜ್ ಹಾಕಿ ಅಂತ ಇದ್ದರೆ ಗಾಬರಿ ಬೇಡ, ನೀರು ಹೆಪ್ಪುಗಟ್ಟುವ ದೇಶದವರಿಗೆ ಬರೆದದ್ದು ಅದು. ಬೆಳಗಾವಿ ಚಳಿಗೆ ಸ್ವೆಟರ್ ಸಾಕು.

—

ಪತ್ರಾ_ಕಟ್ಟರ್

ಎಲ್ಲರಿಗೂ ಧನ್ಯವಾದ. ಇವತ್ತು ಭಾನುವಾರ, ಶೆಡ್‌ಗೆ ಒಬ್ಬನೇ ಬಂದು ಕೂತು ನೋಡಿದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಚಿಲ್ಲರ್‌ನಲ್ಲಿ ಸೋರ್ಸ್ ಲೈನ್ 21, ಹೆಡ್ ಲೈನ್ 23 ಇದೆ. ಮೇ ತಿಂಗಳಲ್ಲಿ ಸೆಕೆ ಅಂತ ಆಪರೇಟರ್ ಇಳಿಸಿದ್ದನಂತೆ, ಮಳೆ ಬಂದಮೇಲೆ ಏರಿಸೋದು ಯಾರಿಗೂ ನೆನಪಾಗಿಲ್ಲ. ಪೇಟೆಯಿಂದ ಮೀಟರ್ ತಂದು ಹಾಕಿದೆ. 26 ಡಿಗ್ರಿ, ತೇವ 88. ನಿಮ್ಮ ಲೆಕ್ಕದಲ್ಲಿ 23.6 ಬರುತ್ತೆ. ಅಂದರೆ ಎರಡೂ ಲೈನ್ ಬೆವರೋದೇ. ಹೆಡ್‌ಗೆ ಹೋಗುವ ಪೈಪ್ ಮುಟ್ಟಿದೆ, ಕೈ ಒದ್ದೆಯಾಯಿತು. ಇಷ್ಟು ದಿನ ಅದನ್ನು ನೋಡಿ ಮಳೆ ನೀರು ತೊಟ್ಟಿಕ್ಕಿದೆ ಅಂದುಕೊಂಡಿದ್ದೆ!

ಹಳೇ ಗ್ಲಾಸ್ ಐದು ಸಿಕ್ಕವು. ಗುರುತು ಇಲ್ಲ, ಆದರೆ ಐದರಲ್ಲೂ ಒಂದು ಮುಖದಲ್ಲಿ ಚುಕ್ಕೆ ಮತ್ತು ಹಳದಿ ಪೊರೆ, ಇನ್ನೊಂದು ಮುಖದಲ್ಲಿ ಮಂಜು ಕಟ್ಟಿ ಒಣಗಿದಂಥ ಕಲೆ. ಎರಡೂ ಕಡೆ ತೊಂದರೆ ಅಂತಾಯಿತಲ್ಲ?

ಹೆಡ್ ಗುದ್ದಿದ್ದು ನಿಜ. ಹದಿನೈದು ದಿನದ ಹಿಂದೆ. ಅದಾದಮೇಲೆ ಟೇಪ್ ಟೆಸ್ಟ್ ಮಾಡಿದ್ದೀಯಾ ಅಂತ ಆಪರೇಟರ್‌ಗೆ ಫೋನ್‌ನಲ್ಲಿ ಕೇಳಿದರೆ "ಮಾಡಬೇಕಿತ್ತಾ?" ಅಂದ.

—

ಮಚ್ಛೆ_ಮೆಂಟೆನನ್ಸ್

ಆಪರೇಟರ್‌ಗೆ ಬೈಯಬೇಡಿ, ಕಲಿಸಿದವರು ಯಾರೂ ಇರಲ್ಲ. ಮಷೀನ್ ಇಳಿಸಿದಾಗ ಮೂರು ದಿನ ಟ್ರೇನಿಂಗ್ ಕೊಟ್ಟು ಹೋಗುತ್ತಾರೆ, ಆ ಹುಡುಗ ಆರು ತಿಂಗಳಿಗೆ ಬೇರೆ ಕಡೆ ಸೇರುತ್ತಾನೆ, ಮುಂದಿನವನು ನೋಡಿ ಕಲಿತಿರುತ್ತಾನೆ.

ಹೌದು, ನಿಮ್ಮಲ್ಲಿ ಒಂದಲ್ಲ, ಮೂರು ತೊಂದರೆ ಒಟ್ಟಿಗೆ ಕೂಡಿವೆ: ಇಬ್ಬನಿ, ಕಂಪ್ರೆಸರ್ ಎಣ್ಣೆ ನೀರು, ನಾಝಲ್ ಸೆಂಟರ್. ಅದಕ್ಕೇ ಒಂದನ್ನು ಸರಿ ಮಾಡಿದರೂ ಸರಿ ಹೋದ ಹಾಗೆ ಕಂಡಿಲ್ಲ.

ಚಿಲ್ಲರ್ ಎರಡೂ ಲೈನ್ ಇಬ್ಬನಿ ಲೆಕ್ಕಕ್ಕಿಂತ ಒಂದೆರಡು ಡಿಗ್ರಿ ಮೇಲಿಡಿ, ಆದರೆ ಸೋರ್ಸ್ ಮ್ಯಾನುಯಲ್ ಹೇಳಿದ ಮಿತಿ ದಾಟಬೇಡಿ. ಮಿತಿಗೂ ಇಬ್ಬನಿಗೂ ಹೊಂದಿಕೆ ಆಗದಿದ್ದರೆ ಗಾಳಿಯ ತೇವ ಇಳಿಸಬೇಕು. ಸೋರ್ಸ್‌ಗೆ ಒಂದು ಸಣ್ಣ ಮುಚ್ಚಿದ ಕೋಣೆ, ಅದಕ್ಕೊಂದು ಎಸಿ. ಬೆಳಿಗ್ಗೆ ಬಂದ ತಕ್ಷಣ ಚಿಲ್ಲರ್ ಒತ್ತಬೇಡಿ, ಮೊದಲು ಅರ್ಧ ತಾಸು ಎಸಿ ಓಡಲಿ, ಗಾಳಿ ಒಣಗಲಿ. ರಾತ್ರಿ ಹೋಗುವಾಗ ಮೊದಲು ಲೇಸರ್, ಆಮೇಲೆ ಚಿಲ್ಲರ್ ಆಫ್. ಚಿಲ್ಲರ್ ಓಡಲು ಬಿಟ್ಟು ಎಸಿ ಮಾತ್ರ ಆಫ್ ಮಾಡಿ ಹೋಗುವವರಿದ್ದಾರೆ. ರಾತ್ರಿಯಿಡೀ ಸೋರ್ಸ್ ತಣ್ಣಗೆ ಕೂತು ಬೆವರುತ್ತೆ.

ಹಳದಿ ಪೊರೆ ನಿಮ್ಮ ಕಂಪ್ರೆಸರ್ ಕಡೆಯದು. ಏರ್ ಕಟಿಂಗ್ ಸೋವಿ ಅಂತ ಎಲ್ಲರೂ ಹಿಡಿದಿದ್ದೇವೆ, ಆದರೆ ಗಾಳಿ ಒಣಗಿರಬೇಕು. ಪರೀಕ್ಷೆಗೆ ಖರ್ಚಿಲ್ಲ. ಲೇಸರ್ ಆಫ್ ಇರಲಿ, ಗ್ಯಾಸ್ ಮಾತ್ರ ಬಿಟ್ಟು ನಾಝಲ್ ಕೆಳಗೆ ಬಿಳಿ ಟಿಶ್ಯೂ ಒಂದು ನಿಮಿಷ ಹಿಡಿಯಿರಿ. ಒದ್ದೆ ಅಥವಾ ಎಣ್ಣೆ ಕಂಡರೆ ಅದೇ ನೇರ ಗ್ಲಾಸ್ ಮೇಲೆ ಹೋಗುತ್ತಿದೆ. ಆಮೇಲೆ ಟ್ಯಾಂಕ್ ಕೆಳಗಿನ ಡ್ರೇನ್ ತೆಗೆದು ನೋಡಿ. ಆಟೋ ಡ್ರೇನ್ ಇದೆಯಲ್ಲ ಅಂತ ನಂಬಬೇಡಿ, ತುಕ್ಕು ಸಿಕ್ಕಿಕೊಂಡು ಅದು ಕೂತುಬಿಡುತ್ತೆ. ಡ್ರೈಯರ್ ಚೆನ್ನಾಗಿ ಓಡುತ್ತಿದ್ದರೂ ಫಿಲ್ಟರ್ ಎಲಿಮೆಂಟ್ ಬದಲಿಸಿ ಎಷ್ಟು ದಿನ ಆಯಿತು ನೋಡಿಕೊಳ್ಳಿ.

ಗ್ಲಾಸ್ ಬದಲಿಸುವ ರೀತಿ ಬಗ್ಗೆ ಎರಡು ಮಾತು, ಯಾಕೆಂದರೆ ಥಿನ್ನರ್ ಕಥೆ ಓದಿ ಹೊಟ್ಟೆ ಉರಿಯಿತು. ಫ್ಯಾನ್ ಆಫ್ ಮಾಡಿ. ಪಕ್ಕದಲ್ಲಿ ಗ್ರೈಂಡಿಂಗ್ ನಡೆಯುತ್ತಿದ್ದರೆ ನಿಲ್ಲಿಸಿ. ಹೆಡ್ ಹೊರಗನ್ನು ಮೊದಲು ಒರೆಸಿ. ಕೈಗೆ ಗ್ಲೌಸ್ ಅಥವಾ ಬೆರಳಿಗೆ ರಬ್ಬರ್ ಟೋಪಿ. ಗ್ಲಾಸ್ ಕೂರಿಸಿದ ಡ್ರಾಯರ್ ಎಳೆದ ತಕ್ಷಣ ಖಾಲಿ ಬಾಯಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಆಮೇಲೆ ಮುಂದಿನ ಮಾತು. ಒರೆಸಲು 99 ಪರ್ಸೆಂಟ್ ಮೇಲಿನ ಐಸೋಪ್ರೊಪೈಲ್ ಆಲ್ಕೋಹಾಲ್, ಎಳೆ ಬಿಡದ ಸ್ವಾಬ್. ಬಾಯಿಂದ ಊದಬೇಡಿ, ಶೆಡ್ ಏರ್ ಗನ್ ಅಂತೂ ಹತ್ತಿರ ತರಬೇಡಿ, ಅದರಲ್ಲಿ ಇರುವುದೇ ಆ ಎಣ್ಣೆ ನೀರು. ಸುಟ್ಟ ಚುಕ್ಕೆ ಒರೆಸಿದರೆ ಹೋಗೋದಿಲ್ಲ, ಆ ಗ್ಲಾಸ್ ಮುಗಿಯಿತು ಅಂತಲೇ ಲೆಕ್ಕ. ಸ್ಪ್ರಿಂಗ್ ಇರುವ ಸೀಲ್ ರಿಂಗ್ ಕಪ್ಪಾಗಿದ್ದರೆ ಅದನ್ನೂ ಬದಲಿಸಿ.

ಫೋಕಸ್ ಲೆನ್ಸ್ ಮೇಲೂ ಕಲೆ ಕೂತಿದ್ದರೆ ಶೆಡ್‌ನಲ್ಲಿ ಹೆಡ್ ಬಿಚ್ಚಬೇಡಿ. ಪಕ್ಕದಲ್ಲಿ ಫೌಂಡ್ರಿ ಮರಳು ಹಾರುತ್ತಿರುವ ಉದ್ಯಮಬಾಗ್‌ನಲ್ಲಿ ಅಂತೂ ಬೇಡವೇ ಬೇಡ.

—

ಗ್ರೈಂಡರ್_ಗಿರಾಕಿ

ಸರಿ ಕಾಕಾ, ಥಿನ್ನರ್ ಬಿಟ್ಟೆ. ಆದರೆ ನಮ್ಮದು ನಾಲ್ಕು ವರ್ಷದಿಂದ ಹಾಗೇ ಓಡುತ್ತಿದೆ ಅನ್ನೋದು ಸುಳ್ಳಲ್ಲ.

—

ಮಚ್ಛೆ_ಮೆಂಟೆನನ್ಸ್

ಓಡುತ್ತೆ. ಗ್ಲಾಸ್ ಬಿಲ್ ಒಟ್ಟು ಮಾಡಿ ನೋಡಿದ್ದೀರಾ? ನಿಮ್ಮದು ಸಿಓಟೂ ಗ್ಯಾಸ್ ಲೇಸರ್ ಮಷೀನಾ, ಫೈಬರ್ರಾ?

—

ಗ್ರೈಂಡರ್_ಗಿರಾಕಿ

ಮೊದಲು ಸಿಓಟೂ ಇತ್ತು, ಹೋದ ವರ್ಷ ಫೈಬರ್ ತಗೊಂಡೆ. ಕನ್ನಡಕ ಹಳೇದೇ ಇದೆ, ನಡೆಯುತ್ತೆ ಅಲ್ವಾ?

—

ಆಪರೇಟರ್_ಹುಡುಗ

ಅಯ್ಯೋ, ನಡೆಯೋದಿಲ್ಲ ಅಣ್ಣಾ! ಇವತ್ತೇ ತೆಗೆದಿಡಿ. ಸಿಓಟೂ ಬೀಮ್ ತರಂಗಾಂತರ 10.6 ಮೈಕ್ರಾನ್, ಅದನ್ನು ಸಾದಾ ಪಾರದರ್ಶಕ ಅಕ್ರಿಲಿಕ್ ಶೀಟೇ ತಡೆಯುತ್ತೆ. ಫೈಬರ್ ಸುಮಾರು 1.07 ಮೈಕ್ರಾನ್, ಆ ಶೀಟ್‌ನಲ್ಲಿ ಕಿಟಕಿ ಗಾಜಿನ ಹಾಗೆ ದಾಟಿ ಬರುತ್ತೆ. ಕಣ್ಣಿಗೆ ಕಾಣೋದೂ ಇಲ್ಲ, ಪಾಪೆಯಿಂದ ಒಳಗೆ ಹೋಗಿ ನೇರ ರೆಟಿನಾ ಸುಡುತ್ತೆ. ಕನ್ನಡಕದ ಮೇಲೆ ಯಾವ ನ್ಯಾನೋಮೀಟರ್‌ಗೆ ಅಂತ ಬರೆದಿರುತ್ತೆ, 1070 (ಅದೇ 1.07 ಮೈಕ್ರಾನ್) ಅದರೊಳಗೆ ಬರಬೇಕು. ಬಾಗಿಲ ಸ್ವಿಚ್‌ಗೆ ತಂತಿ ಹಾಕಿ ಬೈಪಾಸ್ ಮಾಡಿದ್ದರೆ ಅದನ್ನೂ ಬಿಚ್ಚಿ, ಪ್ಲೀಸ್.

—

ಜಮಖಂಡಿ_ಟ್ರಾಲಿ

ಎಲ್ಲರೂ ಗ್ಲಾಸ್ ಹಿಂದೆ ಬಿದ್ದಿದ್ದೀರಿ, ಬೆಡ್ ಕೆಳಗೆ ಯಾರೂ ಬಗ್ಗಿ ನೋಡಲ್ಲ. ಪ್ಲೇಟ್ ಹೊರುವ ಸ್ಲ್ಯಾಟ್ ಪಟ್ಟಿಗಳ ಮೇಲೆ ಕಿಟ್ಟ ಗುಡ್ಡೆ ಕಟ್ಟಿದರೆ ಪ್ಲೇಟ್ ಮಟ್ಟ ಕೂರೋದಿಲ್ಲ, ಪೀಸ್ ಎದ್ದು ನಿಲ್ಲುತ್ತೆ, ಹೆಡ್ ಗುದ್ದುತ್ತೆ. ಪತ್ರಾ_ಕಟ್ಟರ್ ಅವರ ಹೆಡ್ ಗುದ್ದಿದ್ದೂ ಹೀಗೇ ಇರಬೇಕು ಅಂತ ನನ್ನ ಊಹೆ.

ಇನ್ನು ಎಂಎಸ್ ಜೊತೆ ಅಲ್ಯುಮಿನಿಯಂ ಕೂಡ ಕಟ್ ಮಾಡುವವರಿಗೆ. ಎರಡರ ಧೂಳು ಡಸ್ಟ್ ಕಲೆಕ್ಟರ್‌ನಲ್ಲಿ ಒಟ್ಟಿಗೆ ಸೇರಲು ಬಿಡಬೇಡಿ. ಕಬ್ಬಿಣದ ತುಕ್ಕು ಮತ್ತು ಅಲ್ಯುಮಿನಿಯಂ ಪುಡಿ ಕೂಡಿಸಿಯೇ ರೈಲು ಹಳಿ ಬೆಸೆಯುತ್ತಾರೆ, ಅಷ್ಟು ಬಿಸಿ ಏಳುತ್ತೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಖಾಲಿ ಮಾಡಿ.

ಹೆಡ್ ಓಡಾಡುವ ಹಲ್ಲಿನ ಪಟ್ಟಿ, ಅಂದರೆ ರ್ಯಾಕ್‌ಗೆ ಗ್ರೀಸ್ ಹಚ್ಚುವಾಗ ಹಳೇದನ್ನು ಒರೆಸಿ ತೆಗೆದು ಹಚ್ಚಿ. ಫೌಂಡ್ರಿ ಧೂಳು ಮತ್ತು ಹಳೇ ಗ್ರೀಸ್ ಕೂಡಿದರೆ ವಾಲ್ವ್ ಉಜ್ಜುವ ಪೇಸ್ಟೇ ಅದು. ಹಲ್ಲು ತಿಂದು ಹಾಕುತ್ತೆ, ಆಮೇಲೆ ದುಂಡಗಿನ ತೂತು ದುಂಡಗೆ ಬರಲಿಲ್ಲ ಅಂತ ಸಾಫ್ಟ್‌ವೇರ್‌ಗೆ ಬೈಯುತ್ತಾ ಕೂರಬೇಕು.

—

ಪತ್ರಾ_ಕಟ್ಟರ್

ಹನ್ನೊಂದು ದಿನ ಆದಮೇಲೆ ಬರೆಯುತ್ತಿದ್ದೇನೆ, ತಡ ಆಯಿತು, ಆರ್ಡರ್ ಬಾಕಿ ಮುಗಿಸುವುದರಲ್ಲಿದ್ದೆ.

ಟಿಶ್ಯೂ ಹಿಡಿದರೆ ಅಂಗೈ ಅಗಲ ಹಳದಿ ಕಲೆ ಬಂತು. ಟ್ಯಾಂಕ್ ಡ್ರೇನ್ ತೆಗೆದೆ, ಅರ್ಧ ಬಕೆಟ್ ನೀರು, ಗಸಿ ಹಾಗೆ ಕಂದು ಬಣ್ಣ. ಆಟೋ ಡ್ರೇನ್ ಕೂತಿತ್ತು, ನೀವು ಹೇಳಿದ ಹಾಗೇ. ಫಿಲ್ಟರ್ ಮೂರೂ ಬದಲಿಸಿದೆ. ನಾಝಲ್ ತೂತು ಮೊಟ್ಟೆ ಆಕಾರ ಆಗಿತ್ತು, ಹೊಸದು ಹಾಕಿ ಟೇಪ್ ಟೆಸ್ಟ್ ಮಾಡಿದರೂ ಅಂಚಿಗೆ ಹೋಗಿತ್ತು, ಆರೇಳು ಟೇಪ್ ಹಾಳು ಮಾಡಿ ನಡುವಿಗೆ ತಂದೆವು. ಒಂದೇ ಕಡೆ ಬರ್ ಅವತ್ತೇ ಹೋಯಿತು. ಜಮಖಂಡಿಯವರು ಹೇಳಿದ್ದೂ ಸರಿ, ಸ್ಲ್ಯಾಟ್ ಮೇಲೆ ಬೆರಳು ದಪ್ಪ ಕಿಟ್ಟ ಇತ್ತು.

ಚಿಲ್ಲರ್ ಸೋರ್ಸ್ ಲೈನ್ 26, ಹೆಡ್ ಲೈನ್ 28 ಇಟ್ಟಿದ್ದೇವೆ, ಎರಡೂ ನಮ್ಮ ಮ್ಯಾನುಯಲ್ ಮಿತಿಯೊಳಗೇ ಇವೆ. ಮೀಟರ್ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿ ಬೆಳಿಗ್ಗೆ ಮಧ್ಯಾಹ್ನ ಬರೆಯುತ್ತಿದ್ದೇವೆ. ಈಗಿನ ಗ್ಲಾಸ್ ಏಳನೇ ದಿನದಲ್ಲಿದೆ, ಇವತ್ತು ತೆಗೆದು ನೋಡಿದೆ, ಕೆಳಮುಖದಲ್ಲಿ ಎರಡು ಚುಕ್ಕೆ, ಮೇಲ್ಮುಖ ಸ್ವಚ್ಛ. ಆದರೆ 10 ಎಂಎಂ ಸತತ ಮೂರು ತಾಸು ಓಡಿಸಿದರೆ ಇನ್ನೂ ಸ್ವಲ್ಪ ಫೋಕಸ್ ಜಾರುತ್ತೆ. ಫೋಕಸ್ ಲೆನ್ಸ್ ಮೇಲೂ ಕಲೆ ಕೂತಿರಬೇಕು. ಹೆಡ್ ಬಿಚ್ಚಿಲ್ಲ, ಮುಂದಿನ ವಾರ ಕ್ಲೀನ್ ರೂಮ್ ಇರುವ ಕಡೆ ಕಳಿಸುತ್ತಿದ್ದೇನೆ.

ಆಟೋ ಡ್ರೇನ್ ವಾಲ್ವ್ ಹೊಸದು ಇನ್ನೂ ಬಂದಿಲ್ಲ. ಸದ್ಯಕ್ಕೆ ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರು ಕೈಯಿಂದ ನೀರು ಬಿಡಬೇಕು ಅಂತ ರೂಲ್ ಮಾಡಿದ್ದೇನೆ. ನಿನ್ನೆ ಮೊದಲು ಬಂದವನು ನಾನೇ, ಮರೆತವನೂ ನಾನೇ. ಆಪರೇಟರ್ ನೋಟ್‌ಬುಕ್‌ನಲ್ಲಿ ಕೆಂಪು ಪೆನ್ನಿನಲ್ಲಿ ನನ್ನ ಹೆಸರು ಬರೆದಿಟ್ಟಿದ್ದಾನೆ.